ಮೆತ್ತನೆಯ ಕಲ್ಲು

ಮಾವನವರು ಆ ಯಂತ್ರವನ್ನು ಮೂರು ವರ್ಷದಿಂದ ಸ್ಟವ್ ಎಂದೇ ಕರೆಯುತ್ತಿದ್ದರು. "ಏನಮ್ಮಾ, ನಿನ್ನ ಸ್ಟವ್ ಇವತ್ತಾದ್ರೂ ಹತ್ತಿಕೊಳ್ಳುತ್ತಾ?" ಎಂದು ಕೇಳದೆ ಬೆಳಗಿನ ಚಹಾ ಮುಟ್ಟುತ್ತಿರಲಿಲ್ಲ. ಸೊಸೆ ಅದಕ್ಕೆ ಬೆಂಕಿಬೈರಿಗೆ ಎಂದು ಹೆಸರಿಟ್ಟಿದ್ದಳು. ಸರ್ಕಾರಕ್ಕೆ ಕೊಟ್ಟ ಅರ್ಜಿಯಲ್ಲಿ ಎರಡು ಸಾಲು ಉದ್ದದ ಇನ್ನೊಂದು ಹೆಸರೂ ಇತ್ತು. ಆದರೆ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಗ್ಯಾಸ್ ಸಿಲಿಂಡರ್ ತಂದುಕೊಡುವವನ ಬಾಯಲ್ಲೂ ನಿಂತದ್ದು ಸ್ಟವ್ ಎಂಬ ಹೆಸರೇ.

ಮಾವನವರ ಮಾತನ್ನು ಹಾಗೆಂದು ತಳ್ಳಿಹಾಕುವಂತಿರಲಿಲ್ಲ. ನಲವತ್ತು ವರ್ಷ ಬೋರ್‌ವೆಲ್ ಕೊರೆದವರು ಅವರು. ಲಾರಿಯ ಮೇಲೆ ನಿಂತು, ಇಳಿಯುವ ರಾಡಿನ ನಡುಕವನ್ನು ಅಂಗೈಯಲ್ಲಿ ಹಿಡಿದು, ಇನ್ನೂರು ಅಡಿ ಕೆಳಗೆ ಮಣ್ಣಿದೆಯೋ ಬಂಡೆಯಿದೆಯೋ ಹೇಳಬಲ್ಲವರು. ಕೊರೆದದ್ದು ಇನ್ನೂರು ಅಡಿಯಾದರೆ ಇನ್ನೂರೇ ಅಡಿ ಎಂದು ಹೇಳುತ್ತಿದ್ದರು, ಇನ್ನೂರ ಹತ್ತು ಎನ್ನುತ್ತಿರಲಿಲ್ಲ. ಆ ಕಸುಬಿನಲ್ಲಿ ಇದು ಅಪರೂಪದ ಗುಣ. ಅಷ್ಟು ವರ್ಷದಲ್ಲಿ ಅವರು ಕಲಿತ ನೀತಿ ಒಂದೇ: ಮೆತ್ತನೆಯ ಕಲ್ಲು ಸಿಕ್ಕರೆ ಪುಣ್ಯ, ಗಟ್ಟಿ ಕಲ್ಲು ಸಿಕ್ಕರೆ ಕರ್ಮ.

ಸೊಸೆಯ ವಿದ್ಯೆ ಇದಕ್ಕೆ ತೀರಾ ತಲೆಕೆಳಗು. ನೆಲದೊಳಗೆ ನಾಲ್ಕೈದು ಕಿಲೋಮೀಟರ್ ಇಳಿದರೆ ಬಂಡೆ ಕಾದು ಕೂತಿರುತ್ತದೆ. ಅಲ್ಲಿಗೆ ನೀರು ಬಿಟ್ಟರೆ ಹಬೆಯಾಗಿ ಮೇಲೆ ಬರುತ್ತದೆ, ಹಬೆಯಿಂದ ಕರೆಂಟು ತೆಗೆಯಬಹುದು. ತೊಡಕು ಇಳಿಯುವುದರಲ್ಲೇ ಇದೆ. ಅಂಥ ಬಂಡೆಗೆ ಉಕ್ಕಿನ ಬೈರಿಗೆ ಕೊಟ್ಟರೆ ಬಂಡೆಗಿಂತ ಮೊದಲು ಬೈರಿಗೆಯೇ ಸವೆದುಹೋಗುತ್ತದೆ. ಅವಳ ಯಂತ್ರಕ್ಕೆ ಹಲ್ಲೇ ಇರಲಿಲ್ಲ. ಉದ್ದನೆಯ ಕೊಳವೆಯ ತುದಿಯಿಂದ ಉರಿ ಭೋರೆಂದು ನುಗ್ಗಿ ಕಲ್ಲಿನ ಮೈಯನ್ನು ಥಟ್ಟನೆ ಕಾಯಿಸುತ್ತಿತ್ತು. ಒಳಗಿನ್ನೂ ತಣ್ಣಗಿರುವ ಕಲ್ಲು ಆ ಬಿಸಿಯನ್ನು ತಾಳಲಾರದೆ ಪದರಪದರವಾಗಿ ತಾನೇ ಸಿಡಿದು ಹಾರುತ್ತಿತ್ತು. ಕಲ್ಲು ಗಟ್ಟಿಯಾದಷ್ಟೂ ಸಿಡಿತ ಜೋರು. ಮೆತ್ತನೆಯ ಕಲ್ಲಾದರೆ ಸುಮ್ಮನೆ ಬಿಸಿಯಾಗಿ ಕೂರುತ್ತದೆ, ಅಷ್ಟೇ.

ಈ ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಅತ್ತೆ ಒಮ್ಮೆ ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರು, ಲೋಟ ಟಪ್ಪೆಂದು ಸೀಳಿತು. ಚಹಾ ಹೋಯಿತಲ್ಲ ಎಂದು ಎಲ್ಲರೂ ಮರುಗುತ್ತಿರುವಾಗ ಸೊಸೆ ಚೂರುಗಳನ್ನು ಆರಿಸಿ ಕಾಗದದಲ್ಲಿ ಕಟ್ಟಿಟ್ಟುಕೊಂಡಳು. ಅಂದಿನಿಂದ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ಈ ಯಂತ್ರದಲ್ಲಿ ಅರ್ಧ ಬುದ್ಧಿ ಅವಳದು, ಅರ್ಧ ನನ್ನದು. ಲೋಟ ಪೂರ್ತಿ ನಂದೇ."

ಸರ್ಕಾರಿ ಅಧಿಕಾರಿಗಳು ಬಂದು ಯಂತ್ರವನ್ನು ಪರೀಕ್ಷಿಸಲು ಒಂದು ವಾರ ಇರುವಾಗ ಊಟದ ಹೊತ್ತಿಗೆ ಮಾವ ಕೇಳಿದರು, "ಯಾವ ಕಲ್ಲು ಇಟ್ಟಿದ್ದೀಯಮ್ಮಾ ಅವರಿಗೆ ತೋರಿಸೋಕೆ?"

"ಕರಿ ಗ್ರಾನೈಟು ಮಾವ. ಕ್ವಾರಿಯಲ್ಲಿ ಸಿಕ್ಕಿದ್ದರಲ್ಲೇ ಗಟ್ಟಿ ಇರೋದು."

"ಅಯ್ಯೋ, ಯಾಕಮ್ಮಾ?"

"ಗಟ್ಟಿ ಇದ್ದಷ್ಟೂ ನನಗೆ ಸುಲಭ. ಎಷ್ಟು ಸಲ ಹೇಳಿದ್ದೀನಿ ನಿಮಗೆ?"

ಮಾವ ಸೊಸೆಯ ಮುಖ ನೋಡಿದರು, ತಟ್ಟೆ ನೋಡಿದರು. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದಂತೆಯೇ ಇತ್ತು. ನೀರಿನ ಲೋಟ ಹಿಡಿದ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ನಲವತ್ತು ವರ್ಷದಲ್ಲಿ ಎಂತೆಂಥ ಕೊರೆಯುವವರ ದೊಡ್ಡಸ್ತಿಕೆಯ ಮಾತು ಕೇಳಿದ್ದರು ಅವರು. ಗಿರಾಕಿಯ ಮುಂದೆ ಎಲ್ಲರೂ ಗಟ್ಟಿ ಕಲ್ಲೆಂದರೆ ಲೆಕ್ಕವೇ ಇಲ್ಲ ಎನ್ನುವವರೇ. ರಾಡಿನ ನಡುಕ ಮಾತ್ರ ಸುಳ್ಳು ಹೇಳುವುದಿಲ್ಲ. "ಆಯ್ತು, ಆಯ್ತು. ಊಟ ಮಾಡು," ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು.

ಅವಳು ನಡುಗುವುದಕ್ಕೂ ಕಾರಣವಿತ್ತು. ಇದು ಮೂರನೆಯ ಪರೀಕ್ಷೆ, ನಿಯಮದ ಪ್ರಕಾರ ಕೊನೆಯದು. ಮೊದಲ ಸಲ ಗಾಳಿಯ ಪೈಪು ಒಡೆದಿತ್ತು, ಎರಡನೆಯ ಸಲ ಕಂಪ್ರೆಸರ್ ಕೈಕೊಟ್ಟಿತ್ತು. ಒಂದು ಗಂಟೆಯೊಳಗೆ ಒಂದೂವರೆ ಅಡಿ ದಪ್ಪದ ಕಲ್ಲನ್ನು ಈ ಬದಿಯಿಂದ ಆ ಬದಿಗೆ ತೂತು ಮಾಡಿದರೆ, ಬೆಟ್ಟದ ಬುಡದಲ್ಲಿ ನಿಜವಾದ ಬಾವಿ ತೋಡಲು ಅನುಮತಿ. ಇಲ್ಲವಾದರೆ ಕಡತ ಮುಚ್ಚಿ, ಜಾಗ ಇನ್ನೊಬ್ಬರಿಗೆ. ಬೈರಿಗೆ ಆಮೇಲೆ ನಿಜಕ್ಕೂ ಸ್ಟವ್ ಆಗಲಷ್ಟೇ ಲಾಯಕ್ಕು.

ಆದ್ದರಿಂದ ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಪಟ್ಟಿ ಹಿಡಿದು ಎಲ್ಲವನ್ನೂ ಹನ್ನೊಂದು ಸಲ ನೋಡಿದಳು. ಪೈಪಿನ ಬಿಗಿ ಸರಿ, ಸಿಲಿಂಡರ್ ಸರಿ, ಕಂಪ್ರೆಸರಿನ ಎಣ್ಣೆ ಸರಿ, ಪರೀಕ್ಷಕರಿಗೆ ಕುರ್ಚಿ ಸರಿ, ಕುರ್ಚಿಯ ಕಾಲೂ ಸರಿ. ಪರೀಕ್ಷಕರ ಜೀಪಿಗೆ ಈ ಓಣಿ ಸಿಗುವುದಿಲ್ಲವೆಂದು ದೊಡ್ಡ ರಸ್ತೆಯವರೆಗೆ ಹೋಗಿ ಮುಕ್ಕಾಲು ಗಂಟೆ ಕಾದು ಕರೆತಂದಳು. ಬಂದ ಮೇಲೂ ಹನ್ನೆರಡನೆಯ ಸಲ ಎಲ್ಲ ನೋಡಿದಳು. ಮರಳಿನ ಗುಂಡಿಯಲ್ಲಿ ಕತ್ತಿನವರೆಗೆ ಹೂತು ಕೂರಿಸಿದ್ದ ಕಲ್ಲೊಂದನ್ನು ಬಿಟ್ಟು. ಕಲ್ಲು ಎಲ್ಲಿಗೆ ಹೋಗುತ್ತದೆ?

ಮುಖ್ಯ ಪರೀಕ್ಷಕರು ಮೋಡವಿರಲಿ ಬಿಡಲಿ ಕೊಡೆ ಹಿಡಿದು ಓಡಾಡುವ ಮನುಷ್ಯ. ಜೊತೆಗಿದ್ದ ಕಿರಿಯ ಅಧಿಕಾರಿಣಿಯ ಕೊರಳಲ್ಲಿ ಸ್ಟಾಪ್‌ವಾಚ್ ನೇತಾಡುತ್ತಿತ್ತು. ಮಾವನವರನ್ನು ಕಂಡದ್ದೇ ಮುಖ್ಯರು ಕುರ್ಚಿಯಿಂದ ಎದ್ದರು.

"ನೀವು! ನಮ್ಮ ಆಫೀಸಿನ ಹಿಂದಿನ ಬೋರ್‌ವೆಲ್ ನೀವೇ ಕೊರೆದದ್ದು. ಇವತ್ತಿಗೂ ನೀರು ನಿಂತಿಲ್ಲ."

"ನೂರ ಎಂಬತ್ತೇಳು ಅಡಿ," ಎಂದರು ಮಾವ. ಅಷ್ಟು ಹೇಳುವಾಗ ಅವರ ಎದೆ ಎರಡಂಗುಲ ಉಬ್ಬಿತು. ಅಂದು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಸ್ಟವ್ ಎಂಬ ಮಾತು ಒಂದು ಸಲವೂ ಬಾಯಿಂದ ಬಂದಿರಲಿಲ್ಲ. ಸೊಸೆ ಅದನ್ನು ಗಮನಿಸಿದಳು, ಗಮನಿಸಿ ಇನ್ನಷ್ಟು ಗಾಬರಿಯಾದಳು.

ಉರಿ ಹತ್ತಿತು. ಸ್ಟಾಪ್‌ವಾಚ್ ಓಡಿತು. ಎಲ್ಲರೂ ಚೂರು ಹಾರುವುದನ್ನು ಕಾದರು.

ಚೂರು ಹಾರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಕಲ್ಲು ಬಿಸಿಲು ಕಾಯಿಸುವ ಮುದುಕನಂತೆ ಆರಾಮವಾಗಿ ಕೂತಿತ್ತು. ಉರಿ ತಾಗಿದ ಕಡೆ ಮೆಲ್ಲಗೆ ಬೆಳ್ಳಗಾಗಿ ಪೌಡರ್ ಹಚ್ಚಿಕೊಂಡಂತೆ ಕಂಡಿತು. ಅವಳು ಗಾಳಿ ಹೆಚ್ಚಿಸಿದಳು, ಗ್ಯಾಸ್ ಹೆಚ್ಚಿಸಿದಳು. ಕಲ್ಲಿಗೆ ಇನ್ನಷ್ಟು ಪೌಡರ್ ಏರಿತು.

"ನಿಧಾನ ಆದ್ರೂ ಪರವಾಗಿಲ್ಲಮ್ಮಾ," ಎಂದರು ಮಾವ ಧೈರ್ಯವಾಗಿ. "ಇದು ಇಳಿಯೋ ಕಲ್ಲೇ." ಇಪ್ಪತ್ತು ನಿಮಿಷ ಕಳೆದಾಗ ಅವರ ಧೈರ್ಯವೂ ಸ್ವಲ್ಪ ಬೆಳ್ಳಗಾಯಿತು. "ಅಲ್ಲಾ, ಇಷ್ಟೊತ್ತಿಗೆ ಬೆಣ್ಣೆ ಹಾಗೆ ಇಳೀಬೇಕಿತ್ತಲ್ಲ!" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಅರ್ಧ ಗಂಟೆಯಾದಾಗ ತಡೆಯಲಾರದೆ, ಅವಳು ಉರಿಯ ಕೊಳವೆಯನ್ನು ಎತ್ತಿ ನೋಡುತ್ತಿದ್ದ ಸಂದಿಯಲ್ಲಿ, ಒಂದು ಮಗ್ ನೀರು ತಂದು ಕಲ್ಲಿನ ಮೇಲೆ ಹೊಯ್ದುಬಿಟ್ಟರು. ಬೋರ್‌ವೆಲ್‌ನಲ್ಲಿ ಕಲ್ಲು ಹಟ ಮಾಡಿದರೆ ನೀರು ಬಿಡುವುದು ವಾಡಿಕೆ.

ಕಲ್ಲು ಬುಸ್ಸೆಂದಿತು. ಬಿಳಿಯ ಹಬೆ ಎದ್ದು ಪರೀಕ್ಷಕರ ಕೊಡೆಯವರೆಗೆ ಹೋಯಿತು. ಪೌಡರ್ ಇದ್ದಲ್ಲಿ ಸುಣ್ಣದ ಹಾಗೆ ಬಿಳಿಯ ಗಸಿ ಕುದಿಯತೊಡಗಿತು. ಹಬೆಯ ಹಿಂದೆಯೇ ಒಂದು ಪರಿಮಳ ಬಂತು.

ಅಧಿಕಾರಿಣಿ ಮೂಗರಳಿಸಿದಳು. "ಸಾರ್, ಬಟ್ಟೆ ಸೋಪಿನ ವಾಸನೆ ಅಲ್ವಾ ಇದು?"

ಮುಖ್ಯರು ಒಂದು ಸಲ ಸೀನಿ, ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು.

ಸೊಸೆ ಮರಳಿನ ಪಕ್ಕ ಮಂಡಿಯೂರಿದಳು. ಕರಿ ಗ್ರಾನೈಟಿಗೆ ಸೋಪಿನ ವಾಸನೆ ಎಲ್ಲಿಯದು? ಕಲ್ಲಿನ ಅಂಚಿಗೆ ಬೆರಳು ಉಜ್ಜಿದರೆ ಬೆರಳಿಗೆ ಕಂಪ್ರೆಸರಿನ ಕಪ್ಪು ಎಣ್ಣೆ ಬಂತು, ಎಣ್ಣೆಯ ಕೆಳಗೆ ಬೂದುಬಣ್ಣದ ನುಣ್ಣನೆಯ ಸುಣ್ಣಕಲ್ಲು. ಮರಳೊಳಗೆ ಕೈ ತೂರಿಸಿದಳು. ಅಡಿಯ ಬದಿ ನಡುವೆ ಬೋಗುಣಿಯಂತೆ ಸವೆದಿತ್ತು. ಆ ಸವೆತ ಅವಳಿಗೆ ಚೆನ್ನಾಗಿ ಗೊತ್ತು. ಮದುವೆಯಾಗಿ ಬಂದಾಗಿನಿಂದ ಅದರ ಮೇಲೆಯೇ ಅಲ್ಲವೇ ಅವಳೂ ಬಟ್ಟೆ ಒಗೆದದ್ದು? ಅತ್ತೆಯ ಒಗೆಯುವ ಕಲ್ಲನ್ನು ಯಾರೋ ಬೋರಲು ಹಾಕಿ, ಎಣ್ಣೆ ಬಳಿದು, ಇಲ್ಲಿ ಹೂತಿದ್ದರು.

ತಲೆಯೆತ್ತಿ ಮಾವನವರನ್ನು ನೋಡಿದಳು. ಮಾವ ಆಕಾಶ ನೋಡುತ್ತಿದ್ದರು. ಆಕಾಶದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಅವಳಿಗೆ ಎದೆಯ ಮೇಲೆ ಅದೇ ಕಲ್ಲು ಹೇರಿದಂತಾಯಿತು. ಬಾಯಿ ಬಿಡದಿದ್ದರೆ ಕಡತ ಮುಚ್ಚುತ್ತದೆ. ಬಾಯಿ ಬಿಟ್ಟರೆ, ಒಂದಡಿಯನ್ನೂ ಸುಳ್ಳು ಹೇಳದ ಈ ಮನುಷ್ಯ, ತನಗಾಗಿ ಒಬ್ಬರು ಕುರ್ಚಿ ಬಿಟ್ಟು ಎದ್ದು ನಿಂತ ದಿನವೇ, ಅವರೆದುರು ಕಳ್ಳನಾಗುತ್ತಾರೆ. ಸ್ಟಾಪ್‌ವಾಚ್ ಟಿಕಟಿಕ ಎನ್ನುತ್ತಲೇ ಇತ್ತು. ಅವಳು ಉರಿ ಆರಿಸಿ ಎದ್ದು ನಿಂತಳು.

"ಸಾರ್, ಇದು ನಾನು ಕೊರೀಬೇಕು ಅಂತ ತಂದ ಕಲ್ಲಲ್ಲ. ಕಲ್ಲು ಬದಲಾಗಿದೆ."

"ಬದಲಾಯಿಸಿದ್ದು ಯಾರು?"

"ನನ್ನ ಅಂಗಳದಲ್ಲಿ ಆಗಿದ್ದು. ನನ್ನ ತಪ್ಪು ಅಂತಲೇ ಬರ್ಕೊಳ್ಳಿ."

ಮುಖ್ಯರ ಪೆನ್ನು ಕಾಗದಕ್ಕೆ ತಾಗುವ ಮೊದಲೇ ಮಾವ ಆಕಾಶದಿಂದ ಇಳಿದು ಬಂದರು.

"ಅವಳ ಹೆಸರು ಬರೀಬೇಡಿ ಸಾರ್. ಕಲ್ಲು ಎತ್ತಿಟ್ಟಿದ್ದು ನಾನು. ಅವಳು ನಿಮ್ಮನ್ನ ಕರ್ಕೊಂಡು ಬರೋಕೆ ಹೋದಾಗ ಹಾರೆ, ಚೈನ್ ಪುಲ್ಲಿ ಹಾಕಿ ಒಬ್ಬನೇ ಬದಲಾಯಿಸಿದೆ. ಆ ಕರಿಕಲ್ಲು ರಾಕ್ಷಸ ಇದ್ದ ಹಾಗಿದೆ ಸಾರ್. ವಾರದಿಂದ ಈ ಹುಡುಗಿ ಅನ್ನ ತಿಂದಿಲ್ಲ. ಮೆತ್ತಗಿರೋದು ಇಟ್ರೆ ಸಲೀಸಾಗಿ ಇಳಿದುಹೋಗ್ಲಿ ಅಂತ..."

"ಮಾವ," ಎಂದಳು ಅವಳು, ಅಳಬೇಕೋ ನಗಬೇಕೋ ತಿಳಿಯದೆ, "ಮೆತ್ತನೆ ಕಲ್ಲಲ್ಲಿ ಇದು ಇಳಿಯೋದೇ ಇಲ್ಲ ಅಂತ ಮೂರು ವರ್ಷದಿಂದ ಬಡ್ಕೊಂಡಿದ್ದೀನಲ್ಲ!"

"ನಿಜ ಹೇಳ್ತಿದ್ದೀಯ ಅಂತ ನನಗೇನಮ್ಮಾ ಗೊತ್ತು?"

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ಕೂಗು ಬಂತು, ಕೂಗಿನ ಹಿಂದೆ ಅತ್ತೆಯೇ ಬಂದರು. ಕೈಯಲ್ಲಿ ಮಗನ ಕೆಲಸದ ಅಂಗಿ. ಬೆನ್ನಿನ ಭಾಗ ಜರಡಿಯಾಗಿತ್ತು, ಒಂದು ಗುಂಡಿಯೂ ಉಳಿದಿರಲಿಲ್ಲ.

"ಯಾರ್ರೀ ನನ್ನ ಕಲ್ಲು ಮುಟ್ಟಿದ್ದು? ಅಲ್ಲಿ ಯಾವುದೋ ಮೊಸಳೆ ಬೆನ್ನು ತಂದಿಟ್ಟಿದ್ದೀರಲ್ಲ! ನಾಲ್ಕೇ ನಾಲ್ಕು ಪೆಟ್ಟಿಗೆ ಅಂಗಿ ಹೋಯ್ತು..." ಎನ್ನುತ್ತಿರುವಾಗ ಮರಳಿನಲ್ಲಿ ಬುಸುಗುಟ್ಟುತ್ತಿದ್ದ ತಮ್ಮ ಕಲ್ಲು ಕಣ್ಣಿಗೆ ಬಿತ್ತು. ಅದನ್ನು ನೋಡಿದರು, ಗಂಡನನ್ನು ನೋಡಿದರು. "ನೀವಾ?" ಎಂದರು. ಆ ಒಂದೇ ಮಾತಿಗೆ ಮಾವ ಇಂಗು ತಿಂದ ಮಂಗನಂತಾದರು.

ಮುಖ್ಯರು ನಿಯಮದ ಪುಸ್ತಕ ತೆರೆದು ಮೂಗಿನ ತುದಿಯ ಕನ್ನಡಕದಿಂದ ಓದಿದರು. "ಪರೀಕ್ಷೆ ಗೆಲ್ಲುವಂತೆ ಕಲ್ಲು ಬದಲಾಯಿಸಿದರೆ ಅರ್ಜಿ ವಜಾ." ಪುಟ ತಿರುವಿದರು. "ಸೋಲುವಂತೆ ಬದಲಾಯಿಸಿದರೆ ಏನು ಅಂತ ಯಾರೂ ಬರೆದೇ ಇಲ್ಲ."

"ಬರೀಬೇಕಾಗುತ್ತೆ ಅಂತ ಯಾರು ಅಂದ್ಕೊಂಡಿರ್ತಾರೆ ಸಾರ್?" ಎಂದಳು ಅಧಿಕಾರಿಣಿ. "ಇವರು ಮಾಡಿದ್ದು ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯ್ತು, ಅಷ್ಟೇ. ಅಂದ ಹಾಗೆ ನಾನು ವಾಚ್ ನಿಲ್ಲಿಸಿಲ್ಲ. ಇನ್ನೂ ಇಪ್ಪತ್ತೆರಡು ನಿಮಿಷ ಇದೆ."

ಮುಖ್ಯರು ಕನ್ನಡಕ ತೆಗೆದರು. "ಆ ಮೊಸಳೆ ಬೆನ್ನು ಎಲ್ಲಿದೆ ತೋರಿಸಿ."

ಮುಂದಿನ ಮೂರು ನಿಮಿಷ ಎಲ್ಲರ ಕೈಗೂ ಕೆಲಸ. ಅತ್ತೆ ಬಕೆಟ್ಟು ಸರಿಸಿದರು, ಸೊಸೆ ಪೈಪು ಎಳೆದಳು. ಮಾವ ಉರಿಯ ಕೊಳವೆ ಹೊತ್ತ ಚಕ್ರದ ಮುಕ್ಕಾಲಿಯನ್ನು ತಳ್ಳಿಕೊಂಡು ಹೋಗಿ ಕರಿಕಲ್ಲಿನ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಒಂದು ಕಾಲಿನ ಕೆಳಗೆ ಬೆಣೆ ತುರುಕಿದರು. ಅವಳು ಮಟ್ಟದ ಸಲಕರಣೆ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವಾಲಿರಲಿಲ್ಲ. ಅವಳೊಬ್ಬಳೇ ಮಾಡಿದ್ದರೆ ಕಾಲು ಗಂಟೆ ಬೇಕಾಗುತ್ತಿತ್ತು.

ಉರಿ ಹತ್ತಿದ ಅರೆ ನಿಮಿಷಕ್ಕೆ ಕಲ್ಲು ಮಾತಾಡತೊಡಗಿತು. ಮೊದಲು ಒಂದು ಟಿಕ್, ಆಮೇಲೆ ಟಿಕ್ ಟಿಕ್, ಆಮೇಲೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಉಗುರಿನಷ್ಟಗಲದ ಚೂರುಗಳು ಹಾರಿ ಬಕೆಟ್ಟಿಗೆ ಬಡಿದವು, ಗೋಡೆಯ ತಗಡಿಗೆ ಬಡಿದವು. ಮುಖ್ಯರು ಕೊಡೆಯನ್ನು ಗುರಾಣಿಯಂತೆ ಹಿಡಿದು ಅದರ ಹಿಂದೆ ಅಡಗಿದರು. ಕೊಡೆ ಯಾಕೆ ತರುತ್ತಾರೆಂದು ಅವರ ಕಚೇರಿಯಲ್ಲಿ ಇನ್ನು ಯಾರೂ ಕೇಳಲಾರರು.

ಮಾವ ಗವಸು ಹಾಕಿಕೊಂಡು ಕೊಳವೆಯ ಮೇಲ್ತುದಿಗೆ ಅಂಗೈ ಇಟ್ಟರು, ರಾಡಿನ ಮೇಲೆ ಇಡುತ್ತಿದ್ದ ಹಾಗೆಯೇ. ಒಮ್ಮೆ ತೆಗೆದು ಮತ್ತೆ ಇಟ್ಟರು.

"ನಡುಕವೇ ಇಲ್ಲ," ಎಂದರು. "ಕಲ್ಲಿಗೆ ಏನೂ ತಾಗ್ತಾನೇ ಇಲ್ಲ, ಆದ್ರೂ ಇಳೀತಾ ಇದೆ. ಅಮ್ಮಾ, ಇಳೀತಾ ಇದೆ ಕಣೇ!" ಮೂರು ವರ್ಷದಲ್ಲಿ ಅವಳು ಹೇಳಿದ್ದೆಲ್ಲ ಆಗಷ್ಟೇ ಅಂಗೈಯಿಂದ ಅವರ ತಲೆಗೆ ಏರಿದಂತಿತ್ತು.

ಎರಡು ನಿಮಿಷ ಬಾಕಿಯಿರುವಾಗ ಕಲ್ಲಿನ ಅಡಿಯಿಂದ ಉರಿ ಇಣುಕಿತು. ಅಲ್ಲಿ ನಿಂತಿದ್ದ ಸೋಪಿನ ನೀರು ಕೊತಕೊತ ಕುದಿಯಿತು. ಅತ್ತೆ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ನೆನಪಾಗಿ, "ನನ್ನ ಕಲ್ಲು?" ಎಂದರು.

ಅನುಮತಿ ಪತ್ರ ಹದಿನೈದು ದಿನಕ್ಕೆ ಬಂತು. ಕೊನೆಯಲ್ಲಿ ಮುಖ್ಯರು ತಮ್ಮ ಕೈಯಲ್ಲೇ ಒಂದು ಷರತ್ತು ಬರೆದಿದ್ದರು: ಮುಂದಿನ ಎಲ್ಲ ಪರೀಕ್ಷೆಗಳಲ್ಲಿ ಕಲ್ಲನ್ನು ಅರ್ಜಿದಾರರ ಹಿತೈಷಿಗಳಲ್ಲದವರೇ ಕಾಯತಕ್ಕದ್ದು.

ಅತ್ತೆ ತೂತಿನ ಕರಿಕಲ್ಲನ್ನೇ ಇಟ್ಟುಕೊಂಡರು. ಮಾವ ಅದರ ಮೈಯನ್ನು ಉಜ್ಜಿ ನುಣ್ಣಗೆ ಮಾಡಿಕೊಡಬೇಕೆಂದು ತೀರ್ಪಾಯಿತು. ಅವರು ದಿನಾ ಮಧ್ಯಾಹ್ನ ಹಿತ್ತಲಲ್ಲಿ ಕೂತು ಉಜ್ಜುತ್ತಾರೆ. ಇಷ್ಟು ದಿನಕ್ಕೆ ಅಂಗೈಯಗಲ ನುಣುಪಾಗಿದೆ. ನೀರು ತೂತಿನಿಂದ ತಾನಾಗಿ ಹರಿದುಹೋಗುವುದು ಅನುಕೂಲವೇ ಎಂದು ಅತ್ತೆ ಒಪ್ಪಿಕೊಂಡಿದ್ದಾರೆ, ಆದರೆ ಗಂಡನೆದುರು ಅಲ್ಲ.

ಬೆಟ್ಟದ ಬುಡಕ್ಕೆ ಯಂತ್ರ ಹೊರಡುವ ದಿನ ಬೆಳಿಗ್ಗೆ ಸೊಸೆ ಪಟ್ಟಿ ಹಿಡಿದು ಕೂತಿದ್ದಳು. ಈ ಸಲ ಪಟ್ಟಿಯಲ್ಲಿ ಮೊದಲನೆಯದು ಕಲ್ಲು, ಎರಡನೆಯದು ಮಾವ. ಮಾವ ಚಹಾದ ಲೋಟ ಹಿಡಿದು ಬಂದು ಎದುರಿಗೆ ಕೂತರು, ಕುಡಿಯಲಿಲ್ಲ.

"ಏನಮ್ಮಾ, ನಿನ್ನ ಬೈರಿಗೆ..." ಎಂದು ಶುರುಮಾಡಿ ಗಂಟಲು ಸರಿಮಾಡಿಕೊಂಡರು. ಅವಳು ಪಟ್ಟಿಯಿಂದ ತಲೆಯೆತ್ತಿದಳು.

"ನಿನ್ನೆ ಬೆಟ್ಟದ ಹತ್ರ ಹೋಗಿ ಸುತ್ತಿಗೆಯಿಂದ ಎಲ್ಲಾ ಕಡೆ ಬಡಿದು ನೋಡಿ ಬಂದೆ. ಮೂಡಣ ಮಗ್ಗುಲು ಪರವಾಗಿಲ್ಲ. ಪಡುವಣ ಕಡೆ ಯಾಕೋ ಸ್ವಲ್ಪ ಮೆತ್ತಗಿದೆ ಕಣಮ್ಮಾ. ನಂಗೆ ರಾತ್ರಿಯೆಲ್ಲಾ ಅದೇ ಯೋಚನೆ."