ಹತ್ತು ಹೆಜ್ಜೆ ಹಿಂದೆ

ನಾನು ಒಂದು ಉದ್ದ ಮೂತಿಯ ಕ್ಯಾಮೆರಾ ಲೆನ್ಸು. ಜರ್ಮನಿಯ ಕಾರ್ಖಾನೆಯೊಂದರಲ್ಲಿ ನನ್ನ ಗಾಜುಗಳನ್ನು ಉಜ್ಜಿ, ಹೊಳಪು ಕೊಟ್ಟು, ಮೂತಿಯ ಸುತ್ತ ೧೩೫ ಎಂದು ಕೆತ್ತಿದರು. ಅದು ಮಿಲಿಮೀಟರಿನಲ್ಲಿ ನನ್ನ ಸಂಗಮದೂರ. ಆ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ನೋಟ ಕಿರಿದು. ದೂರದ ಮುಖವನ್ನು ಹತ್ತಿರಕ್ಕೆ ಎಳೆಯುತ್ತೇನೆ, ಅಕ್ಕಪಕ್ಕದವರನ್ನು ಹೊರಗೆ ತಳ್ಳುತ್ತೇನೆ. ಇಷ್ಟು ಸಣ್ಣ ವಿಷಯ ಜನರ ತಲೆಗೆ ಹೋಗುವುದಿಲ್ಲ. "ಎಷ್ಟುದ್ದ ಐತಿ, ಊರ ಪೂರಾ ಬರ್ತೈತಿ" ಎನ್ನುತ್ತಾರೆ. ಮೈ ಉರಿಯುತ್ತದೆ.

ಮುಂಬೈಯ ಪತ್ರಿಕೆಯವನೊಬ್ಬ ನನ್ನನ್ನು ಆಟದ ಮೈದಾನಗಳಿಗೆ ಹೊತ್ತು ತಿರುಗಿದ. ಅವನಿಂದ ಬೆಟಗೇರಿಯ ಫೋಟೋಗ್ರಾಫರ್ ದಾದಾಪೀರನ ಕೈಗೆ ಬಂದೆ.

ಒಂದು ದಿನ ಶಾಲೆಯ ಆಟೋಟದಿಂದ ಅವನನ್ನು ಹಾಗೇ ನೇಕಾರರ ಓಣಿಗೆ ಕರೆದೊಯ್ದರು. ಹಾಸಿಗೆ ಹಿಡಿದಿದ್ದ ಗುರುಶಾಂತವ್ವನನ್ನು ಮನೆಮುಂದಿನ ಕಟ್ಟೆಯ ಮೇಲೆ ದಿಂಬಿಗೆ ಒರಗಿಸಿದ್ದರು. ತನ್ನ ಇಬ್ಬರು ಗಂಡುಮಕ್ಕಳೂ ಒಂದೇ ಫೋಟೋದಲ್ಲಿರಬೇಕು ಎಂಬುದು ಅವಳ ಕೊನೆಯ ಹಟ. ಹಿರಿಯವ ಫಕೀರಪ್ಪ ಹೆಂಡತಿ ಮಕ್ಕಳೊಂದಿಗೆ ಪಕ್ಕದಲ್ಲಿ ಕೂತಿದ್ದ. ಕಿರಿಯವ ದ್ಯಾವಪ್ಪನದು ಎದುರು ಮನೆ. ಮಗ್ಗಕ್ಕೇರಿಸುವ ನೂಲಿನ ಹಾಸನ್ನು ಓಣಿಯಲ್ಲಿ ಉದ್ದಕ್ಕೆ ಚಾಚುವ ಜಾಗಕ್ಕೆ ಜಗಳವಾಡಿ, ತನ್ನ ಅಂಗಳಕ್ಕೆ ಮುಳ್ಳುಬೇಲಿ ಹಾಕಿ, ಒಂಬತ್ತು ವರ್ಷ ಅಣ್ಣನೊಡನೆ ಮಾತು ಬಿಟ್ಟಿದ್ದ.

ದಾದಾಪೀರ್ ಕಣ್ಣಿಟ್ಟು ನೋಡಿದ. "ಬರೇ ಅವ್ವನ ಮಾರಿ ಕಾಣತೈತ್ರೀ. ಬ್ಯಾರೆ ಲೆನ್ಸ್ ತಂದಿಲ್ಲ. ಹಿಂದ ಸರೀಬೇಕು."

"ಸರಿ ಮತ್ತ!" ಫಕೀರಪ್ಪ ಗದರಿದ.

"ಮುಳ್ಳು ನಿನಗ ಚುಚ್ಚತಾವೇನು?" ದಾದಾಪೀರ್ ಬೆನ್ನ ಹಿಂದಿನ ಬೇಲಿ ತೋರಿಸಿದ.

ಎದುರು ಮನೆಯ ಬಾಗಿಲ ಹಿಂದೆ ಕೇಳುತ್ತಿದ್ದ ದ್ಯಾವಪ್ಪ ಹೊರಗೆ ಬಂದ. "ಪೀರಾ, ಎಷ್ಟು ಜಾಗಾ ಬೇಕು?"

"ಹತ್ತು ಹೆಜ್ಜಿ ಕೊಡು ಮಾವಾ."

ದ್ಯಾವಪ್ಪ ಬೈಯುತ್ತಲೇ ಬೇಲಿ ಕಿತ್ತು ಬದಿಗೆಸೆದ. ದಾದಾಪೀರ್ ಹಿಂದೆ ಸರಿದ ಹಾಗೆಲ್ಲ ಒಬ್ಬೊಬ್ಬರೇ ನನ್ನೊಳಗೆ ಬಂದರು. ಅಂಗಳದ ಕೊನೆಯ ಗೋಡೆಗೆ ಬೆನ್ನು ತಾಗಿದಾಗ, "ನೋಡತೀಯೇನು?" ಎಂದು ಕ್ಯಾಮೆರಾವನ್ನು ದ್ಯಾವಪ್ಪನಿಗೆ ಕೊಟ್ಟ.

ಒಂಬತ್ತು ವರ್ಷ ಮುಖ ತಿರುಗಿಸಿದವನ ಮುಂದೆ ಅಣ್ಣನ ಮುಖ ತಂದು ನಿಲ್ಲಿಸಿದೆ.

"ಯಣ್ಣಾ, ನಿನ್ನ ಮುಂದಿನ ಹಲ್ಲು ಯಾವಾಗ ಬಿದ್ದಾವು?"

"ಹ್ವಾದ ವರ್ಷ! ಕೇಳಾಕ ಬಂದಿದ್ದೇನು?" ಆ ಕಡೆಯಿಂದ ಫಕೀರಪ್ಪ ಕೂಗಿದ.

"ದ್ಯಾವ್ಯಾ, ಜಲ್ದಿ ಬಾರೋ. ನನಗ ಕುಂದ್ರಾಕ ಆಗವಲ್ದು," ಎಂದಳು ಅವ್ವ.

ದ್ಯಾವಪ್ಪ ಓಣಿ ದಾಟಿದ. ಫಕೀರಪ್ಪ ಕಟ್ಟೆಯ ಮೇಲೆ ಒಂದು ಗೇಣು ಸರಿದು ಕೂತ. ಒಬ್ಬರ ಮೊಣಕೈಯನ್ನೂ ಕತ್ತರಿಸದೆ ಎಲ್ಲರನ್ನೂ ಹಿಡಿದೆ.

ಈಗ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿದ್ದೇನೆ. ನನ್ನ ಗಾಜಿಗೆ ಬೂಸು ಹಿಡಿದಿದೆ. ಮೊಬೈಲಿನವರು ನಿಂತಲ್ಲೇ ನಿಂತು ಎಲ್ಲರನ್ನೂ ತುಂಬಿಕೊಳ್ಳುತ್ತಾರೆ. ಯಾರೂ ಯಾರ ಅಂಗಳಕ್ಕೂ ಕಾಲಿಡಬೇಕಾಗಿಲ್ಲ. ನನ್ನ ನೋಟ ಕಿರಿದು ಎಂದು ಬೈಯುವವರು ಬೈಯಲಿ. ಜಾಗ ಬಿಟ್ಟುಕೊಟ್ಟವರನ್ನು ನಾನು ಎಂದೂ ಹೊರಗಿಟ್ಟಿಲ್ಲ.