ಬಚ್ಚಲ ಮೊಳೆಯ ಜರಡಿ

…ಸದ್ದು ಇಳಿಯುತ್ತಿದೆ, ರಕ್ತದ ಕೊಳವೆ ಗಿರಗಿರ ತಿರುಗಿಸುವ ಯಂತ್ರ ಇನ್ನೇನು ನಿಲ್ಲುತ್ತದೆ, ನಿಲ್ಲದಿದ್ದರೇ ವಾಸಿ — ಇಪ್ಪತ್ತೆರಡು ವರ್ಷ ಊರವರ ರಕ್ತ ಪರೀಕ್ಷಿಸಿದ ಲ್ಯಾಬಿನವನಿಗೆ ಇವತ್ತು ತನ್ನದೇ ರಕ್ತದ ಅಂಕಿ ಓದುವ ಸರದಿ, ಬೆಳಿಗ್ಗೆ ಬಸ್ಸಿನಲ್ಲಿ ಹತ್ತಿದ ಆ ಚಳಿನಡುಕ, ಎಡಸೊಂಟದಿಂದ ತೊಡೆಸಂದಿಗೆ ಇಳಿದ ಅದೇ ಹಳೆಯ ನೋವು, ಕಿಟಕಿ ಗಾಳಿಗೆ ಇರಬೇಕು ಎಂದುಕೊಂಡಿದ್ದ, ಯಾರನ್ನು ನಂಬಿಸಲು? ಉರಿಯೂತದ ಅಂಕಿ, ಸಿಆರ್‌ಪಿ ಅರವತ್ತನಾಲ್ಕು. ಎರಡು ವಾರದ ಹಿಂದೆ ಬರೀ ನಾಲ್ಕಿತ್ತು. ಮತ್ತೆ ಹಾಕಿದ, ಯಂತ್ರಕ್ಕೇನು ದಾಕ್ಷಿಣ್ಯ, ಅರವತ್ತೈದು ಅಂದಿತು, ಈಗ ಹೊಸದಾಗಿ ರಕ್ತ ತೆಗೆದು ಮೂರನೆಯ ಸಲ — ಡಾಕ್ಟರಮ್ಮ ಅಂದೇ ಹೇಳಿದ್ದರಲ್ಲ, ಮೂತ್ರನಾಳದಲ್ಲಿ ಐದು ಮಿಲಿಮೀಟರ್ ಕಲ್ಲು, ಉರಿಯೂತದ ಅಂಕಿ ಕಡಿಮೆ ಇದೆ, ತಾನಾಗೇ ಬೀಳೋ ಸಾಧ್ಯತೆ ಜಾಸ್ತಿ, ಕಾಯೋಣ, ಆದ್ರೆ ಅಂಕಿ ಏರಿ ಚಳಿಜ್ವರ ಬಂದ್ರೆ ಒಂದು ಗಂಟೆನೂ ಕಾಯಬೇಡಿ, ಒಳಗೆ ಟ್ಯೂಬ್ ಹಾಕ್ಲೇಬೇಕು, ಇಲ್ಲಾಂದ್ರೆ ಕಿಡ್ನಿ ಕೈಕೊಡುತ್ತೆ, ಜೀವಕ್ಕೂ ಅಪಾಯ — ಕಂಡವರಿಗೆಲ್ಲ ಸೂಜಿ ಚುಚ್ಚಿದವನಿಗೆ ಟ್ಯೂಬ್ ಅಂದರೆ ಜೀವ ಬಾಯಿಗೆ ಬರುತ್ತದೆ, ನಾಚಿಕೆಗೇಡು, ಆದರೂ ನಿಜ, ಮೂತ್ರ ಸೋಸಿ ನೋಡ್ತಾ ಇರಿ ಅಂದಿದ್ದರು, ಜರಡಿ — ಬೇಡ, ಅದರ ಯೋಚನೆ ಬೇಡ.

ಹೊಸ ಟೀ ಜರಡಿಯನ್ನೇ ಹೆಂಡತಿ ಬಚ್ಚಲಿಗೆ ಕೊಟ್ಟಿದ್ದಳು, ದಿನಕ್ಕೆ ಹತ್ತು ಸಲ ಬಾಗಿಲಾಚೆ ನಿಂತು, ಬಿತ್ತೇನ್ರೀ? ಇಲ್ಲ ಕಣೇ. ಬಿತ್ತೇನ್ರೀ? ಹನ್ನೊಂದನೆಯ ದಿನ ಅವಳ ಬಾಡಿದ ಮುಖ ನೋಡಲಾರದೆ, ಟ್ಯೂಬೂ ತಪ್ಪಲಿ ಅಂತ, ಬಿತ್ತು ಅಂದುಬಿಟ್ಟ, ಹೂಕುಂಡದ ಕಂದು ಹರಳೊಂದನ್ನು ಲ್ಯಾಬಿನ ಬಾಟಲಿಗೆ ಹಾಕಿ, ಅಭ್ಯಾಸಬಲ ನೋಡಿ, ಹೆಸರು, ದಿನಾಂಕ, ವೇಳೆ ಬರೆದು ಚೀಟಿ ಬೇರೆ ಅಂಟಿಸಿದ, ಬೇರೆಯವರ ಚೀಟಿಯಲ್ಲಿ ಒಂದಂಕಿ ತಪ್ಪಿದರೆ ರೇಗುವ ಮಹಾನುಭಾವ! ಅವಳು ಬೆಳಕಿಗೆ ಹಿಡಿದು, ಇಷ್ಟೇ ಇಷ್ಟು ಇದ್ಕೊಂಡು ಎಷ್ಟು ಗೋಳು ಹೊಯ್ಕೊಂತಲ್ರೀ, ಅಂದು ನಕ್ಕಳು, ಆಮೇಲೆ ಅತ್ತಳು, ಡಾಕ್ಟರಮ್ಮನಿಗೆ ತಾನೇ ಫೋನ್ ಮಾಡಿ ಕಲ್ಲು ಬಿತ್ತು ಮೇಡಂ, ಇನ್ನು ಬರಲ್ಲ ಅಂದಳು, ಜರಡಿಯನ್ನು ತಿಕ್ಕಿ ತಿಕ್ಕಿ ತೊಳೆದು ಬಚ್ಚಲ ಮೊಳೆಗೆ ಹಾಕಿದಳು — ಸದ್ದು ನಿಂತಿತು. ಮೂರನೆಯ ಅಂಕಿ ಬೇಕಿಲ್ಲ, ಗೊತ್ತಿದೆ, ಮೊದಲನೆಯದೇ ಸಾಕಿತ್ತು, ಹೆಂಡತಿಗೆ ಫೋನ್ ಹಚ್ಚಿದ್ದಾನೆ, ಹಲ್ಲು ಕಟಕಟ ಅನ್ನುತ್ತಿವೆ, ಬಿದ್ದಿಲ್ಲ ಕಣೇ, ಆ ಕಲ್ಲು ನನ್ನದಲ್ಲ, ಇಷ್ಟೇ ಹೇಳಬೇಕು, ಹೇಳಿದರೆ ಬದುಕು, ಅತ್ತಲಿಂದ ಅವಳು, ಹೇಳ್ರೀ, ಏನಾಯ್ತು, ಊಟ ಮಾಡಿದ್ರಾ, ಯಾಕೆ ಸುಮ್ನಿದೀರಾ — ಬಾಯೊಳಗೇ ಬಿದ್ದಿಲ್ಲ, ಬಿದ್ದಿ — ಕಣ್ಣ ಮುಂದೆ ಮೊಳೆಗೆ ತೂಗುವ ಜರಡಿ, ಅವಳು ನಗುನಗುತ್ತ ತಿಕ್ಕಿದ ಜರಡಿ, ಒಣಗಿದ, ಖಾಲಿ ಜರಡಿ