ಒಂದೇ ನಕ್ಷತ್ರದ ಹುಡುಗಿ

ಶುಕ್ರವಾರ ಸಂಜೆಯಾಯಿತೆಂದರೆ ನಾಲ್ಕನೇ ತರಗತಿಯ ಮಕ್ಕಳ ಮನೆಗಳಲ್ಲೆಲ್ಲ ಫೋನು ಟಿಣ್ ಎನ್ನುತ್ತಿತ್ತು. ಮಕ್ಕಳು ಮನೆಯಲ್ಲಿ ಪದ್ಯ ಓದಿ, ದನಿ ಮುದ್ರಿಸಿ ಕಳಿಸಬೇಕು. ಓದಿನ ಆ್ಯಪ್ ಅದಕ್ಕೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತಿತ್ತು. ಟೀಚರಮ್ಮ ಆ ಪಟ್ಟಿಯನ್ನು ಪೋಷಕರ ಗುಂಪಿಗೆ ಹಾಕುತ್ತಿದ್ದರು.

ಟೀಚರಮ್ಮನಿಗೆ ಈ ಆ್ಯಪ್ ದೇವರು ಕೊಟ್ಟ ವರದಂತಿತ್ತು. ನಲವತ್ತಾರು ಮಕ್ಕಳು, ನಲವತ್ತು ನಿಮಿಷದ ಪಿರಿಯಡ್ಡು. ಯಾರ ಓದನ್ನೆಂದು ಕೇಳುವುದು? ಮೇಲಾಗಿ, "ನಿಮಗೆ ಬೇಕಾದೋರಿಗೆ ಮಾರ್ಕ್ಸು ಹಾಕ್ತೀರಿ" ಎಂಬ ಮಾತನ್ನು ಹಿಂದೊಮ್ಮೆ ಕೇಳಿ ನೊಂದಿದ್ದರು. ಯಂತ್ರಕ್ಕೆ ತನ್ನವರು, ಪರರು ಎಂಬುದಿಲ್ಲವಲ್ಲ!

ಬಟ್ಟೆ ಹೊಲಿಯುವ ಅಮ್ಮನ ಮಗಳಿಗೆ ಮಾತ್ರ ಮೂರು ವಾರವೂ ಒಂದೇ ನಕ್ಷತ್ರ. ಆ್ಯಪ್ ಸೂಚಿಸಿದಂತೆ ಅವಳನ್ನು ಹಿಂದಿನ ಬೆಂಚಿಗೆ, ನಿಧಾನವಾಗಿ ಓದುವವರ ಸಾಲಿಗೆ ಕಳಿಸಿದರು. ಅಂದಿನಿಂದ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು.

ಸೋಮವಾರ ತಾಯಿ ಶಾಲೆಗೇ ಬಂದಳು. ಅವಸರಕ್ಕೆ ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು.

"ಮಿಸ್, ಮಗಳು ಸ್ಕೂಲೇ ಬೇಡ ಅಂತ ಕೂತಿದ್ದಾಳೆ. ಗುಂಪಲ್ಲಿ ಯಾರೋ ‘ಪಾಪ, ಈ ಸಲಾನೂ ಒಂದೇನಾ’ ಅಂತ ಹಾಕಿದ್ರು. ಅದನ್ನ ಅವಳೇ ಓದಿದ್ಲು. ಒಂದಕ್ಷರ ತಪ್ಪಿಲ್ದೆ ಓದಿದ್ಲು, ನೋಡಿ!"

"ನಾನೇನಮ್ಮಾ ಮಾಡ್ಲಿ? ಅದು ನಾನು ಕೊಟ್ಟಿದ್ದಲ್ಲ. ಯಂತ್ರ ಯಾಕೆ ಸುಳ್ಳು ಹೇಳುತ್ತೆ?"

"ಈ ಟೇಪೂ ಸುಳ್ಳು ಹೇಳಲ್ಲ ಮಿಸ್. ಆದ್ರೆ ದಪ್ಪ ಸ್ವೆಟರ್ ಮೇಲೆ ಅಳತೆ ತಗೊಂಡ್ರೆ ಅಂಗಿ ದೊಗಲೆ ಆಗುತ್ತೆ. ಆಗ ಗಿರಾಕಿ ಬೈಯೋದು ಟೇಪನ್ನಲ್ಲ, ನನ್ನನ್ನ."

ಪಕ್ಕದ ಮೇಜಿನ ಲೆಕ್ಕದ ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ತಂಗೀ, ಆ ಮಗು ಕಳಿಸಿದ್ದನ್ನ ನೀನು ಒಂದ್ಸಲ ಆದ್ರೂ ಕೇಳಿದೀಯಾ?"

ಟೀಚರಮ್ಮ ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ಟೀಚರಮ್ಮ, ಮೇಷ್ಟ್ರು ಇಬ್ಬರೂ ಹುಡುಗಿಯ ಮನೆಗೆ ಹೋದರು. ಇರುವುದೊಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮಂಚದ ತುಂಬ ಕತ್ತರಿಸಿದ ಬಟ್ಟೆ. ಹುಡುಗಿಯ ಓದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ. ಖಾಲಿ ಜಾಗವಿದ್ದದ್ದು ಅಲ್ಲಿ ಮಾತ್ರ.

"ದಿನಾ ಹೇಗೆ ಓದ್ತೀಯೋ ಹಾಗೇ ಓದು ಪುಟ್ಟಿ," ಎಂದರು ಟೀಚರಮ್ಮ.

ತಾಯಿ ಅಭ್ಯಾಸಬಲದಿಂದ ಪೆಡಲು ತುಳಿದಳು. ಮಗಳು ಓದಿದಳು. ಒಂದು ನಕ್ಷತ್ರ ಬಂತು. ಟೀಚರಮ್ಮ ಧ್ವನಿಮುದ್ರಣ ಹಾಕಿ ಫೋನನ್ನು ಕಿವಿಗೆ ಹಿಡಿದರು. ಕಟಕಟಕಟ! ಅದರ ಅಡಿಯಲ್ಲೆಲ್ಲೋ ಮಗುವಿನ ದನಿ.

ತಾಯಿಯ ಕಾಲು ನಿಂತಿತು. "ಅಯ್ಯೋ ನನ್ನ ಕರ್ಮವೇ! ಹತ್ತು ವರ್ಷದಿಂದ ಕೇಳೀ ಕೇಳೀ ನನಗಿದು ಸದ್ದು ಅಂತಲೇ ಅನ್ನಿಸ್ತಿರಲಿಲ್ಲ."

"ನನಗೂ ಅಷ್ಟೇ," ಎಂದಳು ಮಗಳು ಮೇಜಿನಡಿಯಿಂದ.

"ನನ್ನ ಗೊರಕೆ ಪಕ್ಕ ಕೂತು ಓದಿದ್ರೆ ನಮ್ಮಾಕೆಗೂ ಒಂದೇ ಬರ್ತಿತ್ತು," ಎಂದರು ಮೇಷ್ಟ್ರು. ಹುಡುಗಿ ಕಿಸಕ್ಕನೆ ನಕ್ಕಳು.

ನಿಶ್ಶಬ್ದದಲ್ಲಿ ಅವಳು ಮತ್ತೆ ಓದಿದಳು. ಸಾಲಿನ ಕೊನೆಗೆ ತುಸು ಎಳೆದು, ಉಸಿರು ತೆಗೆದುಕೊಂಡು, ಕೇಳುವವರನ್ನು ಮುಂದಿನ ಸಾಲಿಗೆ ಕೈ ಹಿಡಿದು ದಾಟಿಸುವಂತೆ. ಟೀಚರಮ್ಮನ ಕಣ್ಣು ತುಂಬಿತು. ಆ್ಯಪ್ ನಾಲ್ಕು ಕೊಟ್ಟಿತು.

"ನಾಲ್ಕೇ?" ಎಂದಳು ತಾಯಿ.

"ಸಾಲಿನ ಕೊನೆಗೆ ನಿಂತ್ಲಲ್ಲ, ಅದನ್ನ ತಡವರಿಸಿದ್ಲು ಅಂದ್ಕೊಂಡಿರ್ಬೇಕು," ಎಂದರು ಟೀಚರಮ್ಮ. "ಪದ್ಯದ ಚಂದ ಇದ್ದದ್ದೇ ಅಲ್ಲಿ."

"ಹಾಗಾದ್ರೆ ಈ ಆ್ಯಪೇ ಬೇಡ ಬಿಡಿ!"

"ಹಾಗಲ್ಲಮ್ಮಾ," ಎಂದರು ಮೇಷ್ಟ್ರು. "ತನ್ನ ದನಿ ತಾನೇ ಕೇಳಿ ಮಗು ತಿದ್ಕೊಳ್ಳುತ್ತೆ. ಅಭ್ಯಾಸಕ್ಕೆ ಇರ್ಲಿ. ತೀರ್ಮಾನ ಮಾತ್ರ ನಮ್ಮದಾಗಿರಬೇಕು."

ಟೀಚರಮ್ಮ ಬಗ್ಗಿ ಮೇಜಿನಡಿ ನೋಡಿದರು. "ತಪ್ಪು ನಂದು ಪುಟ್ಟಿ. ನಿನ್ನ ಓದು ಕೇಳದೆ ಹಿಂದಿನ ಬೆಂಚಿಗೆ ಕಳಿಸ್ಬಿಟ್ಟೆ. ನಾಳೆ ನಿನ್ನ ಜಾಗದಲ್ಲೇ ಕೂತ್ಕೋ."

"ಪಟ್ಟಿ?" ಎಂದಳು ಹುಡುಗಿ.

"ಈಗಲೇ ತೆಗೀತೀನಿ. ಇನ್ನು ಹಾಕೋದಿಲ್ಲ."

ಮರುದಿನದಿಂದ ಓದಿನ ಧ್ವನಿಮುದ್ರಣ ಶಾಲೆಯಲ್ಲೇ ನಡೆಯಿತು: ಗ್ರಂಥಾಲಯದ ಮೂಲೆ, ಶಾಲೆಯದೇ ಫೋನು, ದಿನಕ್ಕೆ ಆರು ಮಕ್ಕಳು. ಟೀಚರಮ್ಮ ಮೊದಲು ತಾವು ಕೇಳಿ, ಆಮೇಲೆ ನಕ್ಷತ್ರ ನೋಡುತ್ತಿದ್ದರು. ಮಗುವಿನ ಪ್ರಗತಿ ಅದರ ಮನೆಯವರಿಗಷ್ಟೇ ತಿಳಿಯುತ್ತಿತ್ತು.  ಮೂರನೆಯ ದಿನ ಹುಡುಗಿ ಗ್ರಂಥಾಲಯದ ಬಾಗಿಲಲ್ಲಿ ಬಂದು ನಿಂತಳು.

"ಮಿಸ್, ಇವತ್ತು ನನ್ನ ಸರದಿ ಅಲ್ಲ. ಆದ್ರೂ ಓದ್ಲಾ?"

ಶಿಕ್ಷಕ ಬಂಧುಗಳೇ, ಯಂತ್ರದ ಸಹಾಯ ಪಡೆಯಿರಿ. ಆದರೆ ಅದರ ಮಾತೊಂದನ್ನೇ ನಂಬಿ ಯಾವ ಮಗುವನ್ನೂ ಹಿಂದಿನ ಬೆಂಚಿಗೆ ಕಳಿಸಬೇಡಿ. ಮಕ್ಕಳ ಅಂಕ ಊರ ಮುಂದಿನ ಮಾತಾಗದಿರಲಿ. ತಾಯಿತಂದೆಯರೇ, "ಈ ಅಂಕ ಹೇಗೆ ಬಂತು?" ಎಂದು ಕೇಳಲು ಸಂಕೋಚಪಡಬೇಡಿ. ಮನೆಯಲ್ಲಿ ಫೋನಿಲ್ಲದಿದ್ದರೆ, ಸದ್ದಿಲ್ಲದ ಜಾಗವಿಲ್ಲದಿದ್ದರೆ ಶಾಲೆಗೆ ಹೇಳಿ. ಅದು ನಿಮ್ಮ ತಪ್ಪೂ ಅಲ್ಲ, ಮಗುವಿನ ದಡ್ಡತನವೂ ಅಲ್ಲ. ನಿಮ್ಮ ತರಗತಿಯಲ್ಲಿ ಮಾತು ನಿಲ್ಲಿಸಿದ ಒಂದು ಮಗುವಿದ್ದರೆ, ನಾಳೆ ಬೆಳಿಗ್ಗೆ ಫೋನು ಕೆಳಗಿಟ್ಟು ಅದರ ಪಕ್ಕ ಕುಳಿತುಕೊಳ್ಳಿ. ಒಂದು ಪದ್ಯ ಓದಿಸಿ, ಪೂರ್ತಿ ಕೇಳಿ.